ಇನ್ನೂರ ಹನ್ನೆರಡನೆಯ ಹೃದಯ

ಮಾರ್ಚ್ ೧೧, ಮಧ್ಯಾಹ್ನ

ಮೇಷ್ಟ್ರೇ,

ನೀವು ಬೇರೆ ಮನೆ ಮಾಡಿ ಒಂಬತ್ತು ವರ್ಷವಾಯಿತು. ಇದು ನನ್ನ ಮೊದಲ ಕಾಗದ. ನಿಮಗೆ ಪೀಠಿಕೆ ಕಂಡರಾಗದು, ಹಾಗಾಗಿ ವಿಷಯಕ್ಕೇ ಬರುತ್ತೇನೆ.

ನಮ್ಮ ಹೃದಯ ಸಂಶೋಧನಾ ಕೇಂದ್ರದಿಂದ ನಿಮಗೆ ಫೋನ್ ಬರುತ್ತದೆ. ಗೊತ್ತಿಲ್ಲದ ನಂಬರು ಎಂದು ಬಿಡಬೇಡಿ, ಎತ್ತಿ. ಹೃದಯದಿಂದ ಮೈಗೆಲ್ಲ ರಕ್ತ ಒಯ್ಯುವ ದೊಡ್ಡ ನಾಳ ನಿಮ್ಮಲ್ಲಿ ಹಿಗ್ಗಿದೆ. ನೋವಿಲ್ಲ, ಸುಸ್ತಿಲ್ಲ ಎಂದು ವಾದ ಮಾಡಬೇಡಿ, ಇದರಲ್ಲಿ ಅವೆರಡೂ ಇರುವುದಿಲ್ಲ. ಹಿಗ್ಗುತ್ತಾ ಹೋದರೆ ಒಂದು ದಿನ ಸೀಳಬಹುದು, ಆಗ ಆಸ್ಪತ್ರೆ ತಲುಪಲೂ ಸಮಯ ಸಿಗದಿರಬಹುದು. ಈಗಲೇ ತೋರಿಸಿದರೆ ಆಪರೇಷನ್ ಮಾಡಿ ಸರಿಪಡಿಸುತ್ತಾರೆ. ಅಲ್ಲಿಯವರೆಗೆ ಪುಸ್ತಕದ ಪೆಟ್ಟಿಗೆ ಹೊತ್ತು ಮೂರು ಮಹಡಿ ಹತ್ತುವ ಶೌರ್ಯ ಬೇಡ.

ನನಗೆ ಹೇಗೆ ಗೊತ್ತಾಯಿತು ಎಂದು ಕೇಳುತ್ತೀರಿ. ಅಧ್ಯಯನ ಶುರುವಾದಾಗ ಕಾಯಿಲೆಯಿಲ್ಲದ ಜನ ಸಿಗುತ್ತಿಲ್ಲವೆಂದು ನಾನು ಮನೆಯಲ್ಲಿ ಗೋಳಾಡುತ್ತಿದ್ದೆ. "ನಂದು ಗಟ್ಟಿ ಹೃದಯ, ಬರ್ಕೋ" ಅಂದಿರಿ. ವರ್ಷಕ್ಕೊಂದು ಸ್ಕ್ಯಾನ್ ಎಂದು ಸಹಿ ಹಾಕಿಸಿ, ನಿಮ್ಮ ಕಡತಕ್ಕೆ ೨೧೨ ಎಂಬ ಚೀಟಿ ಅಂಟಿಸಿದವಳು ನಾನೇ. ಎರಡು ವರ್ಷದ ಮೇಲೆ ನನ್ನನ್ನು ಅಳತೆಯ ಕೆಲಸಕ್ಕೆ ಹಾಕಿದರು. ಸ್ಕ್ಯಾನ್ ಮಾಡುವವರು ಬೇರೆ ಕಟ್ಟಡದಲ್ಲಿದ್ದಾರೆ. ಅಳೆಯುವವರಿಗೆ ನಂಬರು ಮಾತ್ರ ಕಾಣಬೇಕು, ಮನುಷ್ಯ ಯಾರೆಂದು ತಿಳಿಯಬಾರದು. ತಿಳಿದರೆ ಕಡತ ಬಿಟ್ಟುಕೊಡಬೇಕು. ಅದಕ್ಕೆ ವರ್ಷವರ್ಷವೂ ತುಂಬುವ ಒಂದು ಫಾರಂ ಇದೆ: ಇವರಲ್ಲಿ ನಿಮ್ಮ ಸಂಬಂಧಿಕರು ಇದ್ದಾರೆಯೇ? ನೀವು ಮನೆ ಬಿಟ್ಟು ಆಗ ನಾಲ್ಕು ತಿಂಗಳು. ಸಿಟ್ಟಿನಲ್ಲಿ 'ಇಲ್ಲ' ಎಂದು ಬರೆದೆ. ಮುಂದಿನ ವರ್ಷಗಳಲ್ಲಿ ಸಿಟ್ಟಿರಲಿಲ್ಲ, ಆದರೂ ಅದನ್ನೇ ಬರೆದೆ.

ನನ್ನ ಕೋಣೆಗೆ ಕಿಟಕಿಯಿಲ್ಲ. ಒಂದು ಪರದೆ, ಒಂದು ಕುರ್ಚಿ, ಬಡಿತ ಕೇಳಲು ಕಿವಿಗೆ ಹೆಡ್‌ಫೋನು. ದಿನಕ್ಕೆ ಇಪ್ಪತ್ತು ಹೃದಯ ನೋಡುತ್ತೇನೆ, ಒಂದು ಮುಖವನ್ನೂ ನೋಡುವುದಿಲ್ಲ. ಮನೆಯಲ್ಲಿ ನನ್ನೊಡನೆ ಮಾತಾಡುವುದು ಕುಕ್ಕರ್ ಒಂದೇ, ಅದೂ ಮೂರೇ ಮಾತು. ಪ್ರತಿ ಮಾರ್ಚಿನಲ್ಲಿ ೨೧೨ ಬಂದರೆ ಅದನ್ನು ದಿನದ ಕೊನೆಗೆ ಇಟ್ಟುಕೊಳ್ಳುತ್ತಿದ್ದೆ. ನಾಲ್ಕು ಬಡಿತ, ಆಮೇಲೊಂದು ಅವಸರದ ಬಡಿತ, ಆಮೇಲೆ ಸ್ವಲ್ಪ ಮೌನ. ಹದಿನೇಳು ವರ್ಷ ಒಂದೇ ಮನೆಯಲ್ಲಿದ್ದಾಗ ಇದು ನನಗೆ ಕೇಳಿಸಿರಲಿಲ್ಲ. ಆಗ ನೀವು ಹೇಳುವುದನ್ನು ನಿಲ್ಲಿಸಿದ್ದಿರಿ, ನಾನು ಕೇಳುವುದನ್ನು ಬಿಟ್ಟಿದ್ದೆ. ಈಗ ಇಪ್ಪತ್ತು ನಿಮಿಷದ ಕೆಲಸಕ್ಕೆ ಒಂದು ಗಂಟೆ ಕೂರುತ್ತಿದ್ದೆ. ನಿಮ್ಮ ಕವಾಟಗಳು ಹೇಗೆ ಮುಚ್ಚಿಕೊಳ್ಳುತ್ತವೆ ಎಂದು ಬಲ್ಲೆ, ಕನ್ನಡಕ ಬದಲಾಯಿಸಿದ್ದೀರೋ ಇಲ್ಲವೋ ಗೊತ್ತಿಲ್ಲ.

ನೆನಪಿದೆಯೇ, ಕಿಟಕಿ ಪರದೆಗೆ ನಾನು ನಾಲ್ಕು ಸಲ ಟೇಪು ಹಿಡಿದು, ಕೊನೆಗೆ "ಸುಮಾರಾಗಿ ಹಾಕಿ, ಇರ್ಲಿ" ಅನ್ನುತ್ತಿದ್ದೆ. ನೀವು ಪೆನ್ಸಿಲ್ ಎತ್ತಿ, "ಅಳೆದದ್ದನ್ನ ಅಳೆದಷ್ಟೇ ಹೇಳು, ಅಳತೆಯಮ್ಮ" ಅನ್ನುತ್ತಿದ್ದಿರಿ.

ನಿನ್ನೆ ಅಳೆದೆ. ನಾಳದ ಅಗಲ ನಲವತ್ತೇಳು ಮಿಲಿಮೀಟರ್. ಮೂರು ಸಲ ನೋಡಿದೆ. ಇವತ್ತು ಬೆಳಿಗ್ಗೆ ಹಿರಿಯ ಡಾಕ್ಟರ ಮುಂದೆ ನಿಂತು, ಇದು ನನ್ನ ಗಂಡನದು ಎಂದೆ. ಹಾಗೆಂದು ಯಾರಿಗಾದರೂ ಹೇಳಿ ಎಷ್ಟು ಕಾಲವಾಗಿತ್ತೋ. "ಇಷ್ಟು ವರ್ಷ ಗೊತ್ತಿದ್ದೂ ಸುಮ್ನಿದ್ರಾ?" ಎಂದು ಕೇಳಿದರು. ಹೌದು ಎಂದೆ. ಬೈದಿದ್ದರೆ ವಾಸಿಯಿತ್ತು, ಕುರ್ಚಿ ಎಳೆದು ಕೂರಿಸಿದರು. ವಿಚಾರಣೆ ಮುಗಿಯುವವರೆಗೆ ನನಗೆ ಕೆಲಸವಿಲ್ಲ. ನಿಮ್ಮನ್ನು ಇನ್ನು ಬೇರೆಯವರು ಅಳೆಯುತ್ತಾರೆ.

ಒಂಟಿತನ ಅಭ್ಯಾಸವಾಗಿಬಿಡುತ್ತದೆ ಎಂದು ಎಲ್ಲರೂ ಹೇಳಿದ್ದರು. ನನಗೆ ಆಗಲಿಲ್ಲ. ನಿಮ್ಮಿಂದ ಏನೂ ಕೇಳುತ್ತಿಲ್ಲ, ಫೋನ್ ಎತ್ತಿ, ಅಷ್ಟೇ.

ಇತಿ,
ನೀವು ಬಿಟ್ಟರೆ ಇನ್ಯಾರೂ ಹಾಗೆ ಕರೆಯದ
ಅಳತೆಯಮ್ಮ

ತಾ.ಕ.: ಅಂಟಿಸಿದ ಲಕೋಟೆಯನ್ನು ಹರಿದು ಇದನ್ನು ಸೇರಿಸುತ್ತಿದ್ದೇನೆ. ಡಾಕ್ಟರಿಗೂ ಹೇಳದ ಮಾತೊಂದಿದೆ. ಕಳೆದ ವರ್ಷದ ವರದಿಯಲ್ಲಿ ನಲವತ್ತು ಎಂದಿದೆ, ಅದರ ಹಿಂದಿನ ವರ್ಷದಷ್ಟೇ. ಅದು ನಾನು ಬರೆದ ಸುಳ್ಳು. ಒಂದು ವರ್ಷದಲ್ಲಿ ಎರಡು ಮಿಲಿಮೀಟರಿಗಿಂತ ಹೆಚ್ಚು ಹಿಗ್ಗಿದರೆ ಕಡತ ಇನ್ನೊಬ್ಬರ ಮೇಜಿಗೆ ಹೋಗುತ್ತದೆ, ಮತ್ತೆ ನನ್ನ ಹತ್ತಿರ ಬರುವುದಿಲ್ಲ. ವರ್ಷಕ್ಕೆ ಆ ಒಂದು ಗಂಟೆಯೂ ಇಲ್ಲದೆ ಹೇಗಿರಲಿ ಎನ್ನಿಸಿತು. ನಿಮ್ಮ ಒಂದು ವರ್ಷವನ್ನು ನಾನು ತಿಂದುಬಿಟ್ಟೆ. ಎರಡು ವರ್ಷದಿಂದ ಹಿಗ್ಗುತ್ತಿದೆ ಎಂಬುದು ಆಪರೇಷನ್ ಮಾಡುವವರಿಗೆ ತಿಳಿಯಲೇಬೇಕು. ನಾಳೆ ನಾನೇ ಹೋಗಿ ಹೇಳುತ್ತೇನೆ. ಆಗ ಧೈರ್ಯ ಕೈಕೊಟ್ಟರೆ ಎಂದು ನಿಮ್ಮ ಕೈಗೂ ಕೊಡುತ್ತಿದ್ದೇನೆ, ಈ ಕಾಗದವನ್ನೇ ಅವರಿಗೆ ತೋರಿಸಿ.

ಕಳೆದ ವರ್ಷ ಇದ್ದದ್ದು ನಲವತ್ಮೂರು, ಮೇಷ್ಟ್ರೇ. ಅಳೆದದ್ದನ್ನು ಅಳೆದಷ್ಟೇ ಹೇಳಿದ್ದೇನೆ.