ಎಡ ಹುಬ್ಬು

೯ ಜನವರಿ ೧೯೬೧, ಸೋಮವಾರ. ಬೆಳಗ್ಗೆ

ತಂಗಿ ಯದುಗಿರಿಯ ಎಡ ಹುಬ್ಬಿನ ಹೊರತುದಿ ಇನ್ನಷ್ಟು ಬೋಳಾಗಿದೆ. ಹೇಳಿದವಳು ಅಮ್ಮ. ತಂಗಿಯ ದಿಂಬಿನ ಮೇಲಿಂದ ಕೂದಲು ಹೆಕ್ಕಿ ತಂದು ಅಂಗೈಯಲ್ಲಿ ತೋರಿಸಿದಳು. ಅಮ್ಮನ ಪ್ರಕಾರ ಉಷ್ಣ. ಹರಳೆಣ್ಣೆ ತಿಕ್ಕುವುದು ನಡೆದೇ ಇದೆ.

ನನ್ನ ನಾಮ ಮುಗಿಸಿ, ಅದೇ ಕಡ್ಡಿ ತೊಳೆದು, ಅವಳ ಹುಬ್ಬಿಗೆ ಕೂತೆ. ದೀಪಾವಳಿಯಿಂದ ಇದೇ ಪದ್ಧತಿ. ಮನೆಯಲ್ಲಿ ಕೈ ನಡುಗದವನು ನಾನೊಬ್ಬ. ನಾಮದ ನಡುವಿನ ಶ್ರೀಚೂರ್ಣದ ಕೆಂಪು ಗೆರೆ ನೇರವಾಗಿ ಇಳಿಸಲು ಅಪ್ಪ ಕಲಿಸಿದ್ದು ಇದಕ್ಕೆ ಬಂತು. ಬರಿಯ ಕಾಡಿಗೆ ಹೊಳೆಯುತ್ತದೆ, ದೂರಕ್ಕೇ ಗೊತ್ತಾಗುತ್ತದೆ. ಕರಟ ಸುಟ್ಟ ಮಸಿ ಬೆರೆಸಬೇಕು. ಒಂದೇ ಗೆರೆ ಎಳೆದರೆ ನಾಟಕದ ವೇಷ. ಕೂದಲು ಕೂದಲಾಗಿ ಬರೆಯಬೇಕು — ಮೂಗಿನ ಕಡೆ ಕೆಳಗಿನಿಂದ ಮೇಲಕ್ಕೆ, ಕಿವಿಯ ಕಡೆ ಓರೆಯಾಗಿ ಕೆಳಕ್ಕೆ. ನಡುನಡುವೆ ಚರ್ಮ ಕಾಣಬೇಕು. ಆಮೇಲೆ ಹತ್ತಿಯಲ್ಲಿ ಒತ್ತಿ ಜಿಡ್ಡು ತೆಗೆಯಬೇಕು. ಸಮ ಕಾಣಲೆಂದು ಬಲ ಹುಬ್ಬನ್ನು ಚಿಮುಟದಿಂದ ಕಿತ್ತು ತೆಳುಮಾಡಿದ್ದೇನೆ.

ಎಂಟಕ್ಕೆ ಪಾರ್ಸೆಲ್ ಆಫೀಸು. ಪ್ಲಾಟ್‌ಫಾರಂ ತುಂಬ ಕೊಬ್ಬರಿ ಚೀಲ.

೧೭ ಜನವರಿ, ಮಂಗಳವಾರ

ಬೇಲೂರಿನವರಿಗೆ ಯದುಗಿರಿಯ ಫೋಟೋ ಒಪ್ಪಿಗೆಯಾಗಿದೆ. ಸುದ್ದಿ ತಂದವರು ಅನಂತಸ್ವಾಮಿ ಮಾವ. ಹುಡುಗ ರಾಮಾನುಜ, ಮಿಡ್ಲ್ ಸ್ಕೂಲ್ ಮೇಷ್ಟ್ರು. ತಂದೆಗೆ ದೇವಸ್ಥಾನದ ಕೈಂಕರ್ಯ. ತಾಯಿ ರಂಗನಾಯಕಮ್ಮನವರದು ಒಂದೇ ಆಕ್ಷೇಪಣೆ. ಮಾವ ಅವರ ಮಾತಿನಲ್ಲೇ ಹೇಳಿದರು: "ತೀಡಿದ ಹುಬ್ಬಿನ ಹುಡುಗಿ ನಮ್ಮನೆಗೆ ಬೇಡ. ಹುಟ್ಟು ಹುಬ್ಬು ಇರಬೇಕು."

ಅವರ ತಪ್ಪಲ್ಲ, ಫೋಟೋದಲ್ಲಿ ತೀಡಿದ ಹಾಗೇ ಕಾಣುತ್ತದೆ. ಪಕ್ಕದ ಕ್ವಾರ್ಟರ್ಸಿನ ಸುವರ್ಣಮ್ಮನೂ — ಗಾರ್ಡ್ ಹೆಂಡತಿ — ನಲ್ಲಿ ಹತ್ತಿರ ಕೇಳಿದ್ದಾರೆ, "ಏನೇ ಯದುಗಿರಿ, ಹುಬ್ಬು ತಿದ್ದಿಸ್ಕೊಂಡು ಯಾವ ಪಿಕ್ಚರ್‌ಗೆ ಸೇರ್ತಿದ್ದೀಯ?" ಯದುಗಿರಿ ನಕ್ಕು ಕೊಡ ತುಂಬಿಸಿಕೊಂಡು ಬಂದಳಂತೆ. ಫ್ಯಾಷನ್ ಅಂದುಕೊಳ್ಳಲಿ, ಒಳ್ಳೆಯದೇ ಎಂದಳು.

ಇಂದಿನಿಂದ ಬಲ ಹುಬ್ಬು ಕೀಳುವುದು ಬಂದ್. ಅದು ತುಂಬಿಕೊಳ್ಳಲಿ. ಅದನ್ನು ನೋಡಿಕೊಂಡು ಎಡದ್ದನ್ನು ಅಷ್ಟೇ ದಪ್ಪ ಬರೆಯುವುದು. ಹೆಣ್ಣು ನೋಡುವುದು ಫೆಬ್ರವರಿ ಮೂರನೇ ಭಾನುವಾರ.

೩೦ ಜನವರಿ, ಸೋಮವಾರ

ಗಾಂಧಿ ಪುಣ್ಯತಿಥಿ. ಪೇಪರಿನಲ್ಲಿ ಅರ್ಧ ಪುಟ ಕುಷ್ಠದ ಬಗ್ಗೆ — ಮಹಾರೋಗ. ಬರೆದವರು ಒಬ್ಬ ಡಾಕ್ಟರು. ಮೊದಲ ಲಕ್ಷಣಗಳು ಎಂದು ಕೊಟ್ಟಿರುವುದು: ಚರ್ಮದಲ್ಲಿ ಮಾಸಲು ಮಚ್ಚೆ. ಮಚ್ಚೆಯ ಮೇಲೆ ಕೂದಲು ಉದುರುವುದು. ಮುಟ್ಟಿದರೆ ತಿಳಿಯದಿರುವುದು. ಹುಬ್ಬಿನ ಹೊರಭಾಗ ಬೋಳಾಗುವುದು.

ಪಾರ್ಸೆಲ್ ಆಫೀಸಿನಲ್ಲಿ ನಿಂತೇ ಓದಿದೆ. ಹಮಾಲಿ ರಾಮಣ್ಣ "ರಸೀದಿಗೆ ಸಹಿ ಹಾಕಿ ಸ್ವಾಮಿ" ಎಂದು ಎರಡು ಸಲ ಕರೆದನಂತೆ.

ಬಲ ಹುಬ್ಬಿನಲ್ಲಿ ಕಿತ್ತ ಕಡೆಯೆಲ್ಲ ಮುಳ್ಳುಮುಳ್ಳಾಗಿ ಹೊಸ ಕೂದಲು ಬರುತ್ತಿದೆ. ಎಡದಲ್ಲಿ ನಾವು ಯಾವತ್ತೂ ಕಿತ್ತಿಲ್ಲ. ಅಲ್ಲಿ ಒಂದೂ ಇಲ್ಲ.

೧ ಫೆಬ್ರವರಿ, ಬುಧವಾರ

ಬೆಳಗ್ಗೆ ಕಣ್ಣು ಮುಚ್ಚು ಎಂದೆ. ಹತ್ತಿಯ ಎಳೆಯಿಂದ ಮುಟ್ಟಿದೆ, ಎಲ್ಲಿ ಹೇಳು ಎಂದೆ. ಕೆನ್ನೆ ಎಂದಳು. ಹಣೆ ಎಂದಳು. ಸರಿ. ಎಡ ಹುಬ್ಬಿನ ಬೋಳು ಜಾಗದಲ್ಲಿ ಮುಟ್ಟಿದೆ. ಸುಮ್ಮನಿದ್ದಳು. ಇನ್ನೊಮ್ಮೆ. ಸುಮ್ಮನೆ. ಕಡ್ಡಿಯ ತುದಿ ಒತ್ತಿದೆ. ಕೈ ಹೆಚ್ಚಾಯಿತು, ರಕ್ತ ಮೂಡಿತು.

"ಯಾಕಣ್ಣ ತಡ?" ಎಂದಳು, ಕಣ್ಣು ಮುಚ್ಚಿಕೊಂಡೇ. "ಮುಟ್ಟು. ನಂಗೆ ಒಲೆ ಮೇಲೆ ಹಾಲಿದೆ."

ಒರೆಸಿ, ಅದರ ಮೇಲೇ ಬರೆದೆ. ಎಂದಿಗಿಂತ ಚೆನ್ನಾಗಿ ಬಂತು.

೧೯ ಫೆಬ್ರವರಿ, ಭಾನುವಾರ. ಸಂಜೆ

ಒಪ್ಪಿಗೆ. ಇಲ್ಲೇ ಹೇಳಿಹೋದರು.

ಹನ್ನೊಂದರ ಬಸ್ಸಿಗೆ ಬಂದರು. ಎಲ್ಲಿ ಯಾರು ಕೂರಬೇಕೆಂದು ಮೊದಲೇ ಚಾಪೆ ಹಾಸಿದ್ದೆ. ಯದುಗಿರಿಯ ಬಲಗಡೆ ಅವರು, ಎಡಗಡೆ ಗೋಡೆ. ಎಡ ಕಿಟಕಿ ಮುಚ್ಚಿತ್ತು, ಬಿಸಿಲು ಎಂದು. ಹುಡುಗ ಒಳ್ಳೆಯವನು. ತಲೆ ಎತ್ತಿ ನೋಡಿದ್ದೇ ಕಡಿಮೆ. ಯಾವ ಪೇಪರ್ ತರಿಸುತ್ತೀರಿ ಎಂದು ನನ್ನನ್ನು ಕೇಳಿದ.

ರಂಗನಾಯಕಮ್ಮನವರು ಕಾಫಿ ಲೋಟ ಕೆಳಗಿಟ್ಟು, "ಇಲ್ಲಿ ಬಾಮ್ಮ" ಎಂದರು. ಹೆಬ್ಬೆರಳು ನೀರಿಗೆ ಅದ್ದಿ ಅವಳ ಹುಬ್ಬು ಉಜ್ಜಿದರು. ತಮ್ಮ ಕಡೆಗಿದ್ದ ಹುಬ್ಬು — ಬಲದ್ದು. ಬೆರಳು ನೋಡಿಕೊಂಡರು. ಏನೂ ಹತ್ತಿರಲಿಲ್ಲ.

"ಹುಟ್ಟು ಹುಬ್ಬೇ ಕಣ್ರೀ. ಎಷ್ಟು ಲಕ್ಷಣವಾಗಿದೆ."

ಅಮ್ಮ ಒಳಗೆ ಹೋಗಿ ಅತ್ತಳು, ಸಂತೋಷಕ್ಕೆ. ಅಮ್ಮನಿಗೆ ಇನ್ನೂ ಉಷ್ಣವೇ. ಅಧಿಕ ಮಾಸ ಹಿಡಿಯುವ ಮೊದಲು ಮದುವೆ ಮುಗಿಸಬೇಕಂತೆ. ಮೇ ತಿಂಗಳ ಎರಡನೇ ವಾರ ಎನ್ನುತ್ತಾರೆ.

೨೨ ಫೆಬ್ರವರಿ

ಯದುಗಿರಿಗೆ ಗೊತ್ತಿದೆ. ಹುಬ್ಬು ಬರೆಯುತ್ತಿರುವಾಗಲೇ ಹೇಳಿದಳು. ಪೇಪರನ್ನು ನನ್ನ ನಂತರ ಅವಳೂ ಓದುತ್ತಾಳೆ, ಜಾಹೀರಾತು ಬಿಡದೆ. ನನಗೆ ಅದು ನೆನಪೇ ಆಗಿರಲಿಲ್ಲ.

"ಔಷಧಿ ಇದೆ ಅಂತಲೂ ಬರೆದಿತ್ತಲ್ಲಣ್ಣ. ಬೇಗ ಹೋದ್ರೆ ವಾಸಿ ಅಂತ. ಅದನ್ನ ಓದ್ಲಿಲ್ವಾ?"

ಓದಿದ್ದೆ. ಮದುವೆ ಆಗಲಿ ಎಂದೆ. ಆಮೇಲೆ ರಾಮಾನುಜನಿಗೆ ನಾನೇ ಹೇಳುತ್ತೇನೆ ಎಂದೆ. ಯಾವಾಗ, ಹೇಗೆ ಎಂದು ಅವಳು ಕೇಳಲಿಲ್ಲ. ನನಗೂ ಗೊತ್ತಿಲ್ಲ.

೧ ಮಾರ್ಚ್, ಬುಧವಾರ

ವಾರಕ್ಕೊಂದು ದಿನ, ಬುಧವಾರ, ಆಸ್ಪತ್ರೆಯ ಹಿಂದಿನ ತಗಡಿನ ಷೆಡ್ಡಿನಲ್ಲಿ ಮಹಾರೋಗದ ಮಾತ್ರೆ ಕೊಡುತ್ತಾರೆ. ಷೆಡ್ಡಿನ ಬಾಗಿಲು ರಸ್ತೆಗೇ. ಕ್ಯೂ ರಸ್ತೆಯಲ್ಲೇ. ಹೋಗಿಬರುವವರು ನಿಂತು ಯಾರ ಮನೆಯವರೆಂದು ನೋಡುತ್ತಾರೆ. ನಾನೂ ಹಿಂದೆ ನೋಡಿದ್ದೇನೆ.

ಕೊನೆಯವನು ಹೋಗುವವರೆಗೆ ಎದುರಿನ ಮರದ ಕೆಳಗೆ ಕಾದು ಒಳಗೆ ಹೋದೆ. ದೂರದ ಸಂಬಂಧಿಗೆ ಎಂದೆ. ನೋಡದೆ ಮಾತ್ರೆ ಕೊಡುವುದಿಲ್ಲ ಎಂದರು ಡಾಕ್ಟರು. ಮಚ್ಚೆ ಎಲ್ಲಿ ಎಂದು ಕೇಳಿದರು. ನನ್ನ ಹುಬ್ಬನ್ನೇ ಮುಟ್ಟಿ ತೋರಿಸಿದೆ. ಅವರು ಪೆನ್ನು ಕೆಳಗಿಟ್ಟರು. ಕಣ್ಣು ಮುಚ್ಚಿಸುವ ನರ ಅದರ ಪಕ್ಕದಲ್ಲೇ ಹಾಯುತ್ತದೆ, ಅದು ಹೋದರೆ ಮಾತ್ರೆಯಿಂದ ವಾಪಸು ಬರುವುದು ಕಷ್ಟ ಎಂದರು. ಮೇ ಕಳೆದ ಮೇಲೆ ಕರೆತರುತ್ತೇನೆ, ಒಂದು ಮುಹೂರ್ತವಿದೆ ಎಂದೆ.

"ನರ ಪಂಚಾಂಗ ನೋಡಲ್ಲ ರೀ," ಎಂದರು.

ಮನೆಗೆ ಬಂದು ಯದುಗಿರಿಗೆ, ಡಾಕ್ಟರು ಸಿಗಲಿಲ್ಲ ಎಂದು ಹೇಳಿದೆ.

೨೬ ಮಾರ್ಚ್, ಭಾನುವಾರ

ಯದುಗಿರಿ ಮಲಗಿದ್ದಾಗ ಎಡಗಣ್ಣು ಅರ್ಧ ತೆರೆದೇ ಇತ್ತು. ನೋಡಿದವಳು ಅಮ್ಮ, ಮಧ್ಯಾಹ್ನ ಊಟವಾದ ಮೇಲೆ. ಹೋಗಿ ನೋಡಿದೆ. ನಿಜ. ರೆಪ್ಪೆಯ ಕೆಳಗೆ ಬಿಳಿ ಕಾಣುತ್ತಿತ್ತು. ಅಮ್ಮ ಸೆರಗಿನಿಂದ ನೊಣ ಓಡಿಸುತ್ತ ಕೂತಿದ್ದಳು.

ಅಮ್ಮನಿಗೆ ಹೇಳಿದೆ. ರೋಗದ ಹೆಸರು ಹಿಡಿದೇ ಹೇಳಿದೆ. ಅಮ್ಮ ಇನ್ನೊಂದು ನೊಣ ಓಡಿಸಿದಳು. ಆಮೇಲೆ, "ಧಾರೆ ಆಗಿಬಿಡ್ಲಿ ಸುಂದು. ಆಮೇಲೆ ಅವ್ರ ಮನೆ ಸೊಸೆ, ಬೀದಿಗೆ ಹಾಕೋಕಾಗಲ್ಲ."

ನಾನು ಹೇಳಿದ್ದೂ ಅದೇ. ಅಮ್ಮನ ಬಾಯಲ್ಲಿ ಕೇಳಿದಾಗ ಬೇರೆ ಥರ ಕೇಳಿಸಿತು.

೧೬ ಏಪ್ರಿಲ್, ಭಾನುವಾರ

ಬರೆಯುವುದು ಬಿಟ್ಟು ಮೂರು ವಾರ. ಈ ಪುಸ್ತಕದಲ್ಲಿ, ಹುಬ್ಬಿನಲ್ಲಲ್ಲ. ಹುಬ್ಬು ದಿನಾ ನಡೆದಿದೆ.

ಈಗ ಹುಬ್ಬಿನಿಂದ ಮುಚ್ಚುವಂಥದ್ದಲ್ಲ. ಎಡಗಣ್ಣಿನಲ್ಲಿ ಸದಾ ನೀರು, ಕೆಂಪು. ನೀರು ಇಳಿದು ಮಸಿ ಕಲೆಸುತ್ತದೆ. ಹತ್ತಿ ಒತ್ತಿ ಮತ್ತೆ ಬರೆಯುತ್ತೇನೆ. ಇವತ್ತು ಸುವರ್ಣಮ್ಮನ ಮಗು ಏನೋ ತೊದಲಿತು, ಯದುಗಿರಿ ನಕ್ಕಳು. ಬಲ ಹುಬ್ಬು ಮೇಲೆದ್ದಿತು. ನಾನು ಬರೆದದ್ದು ಏಳಲಿಲ್ಲ. ಒಂದೊಂದು ಕೂದಲೂ ಸರಿಯಾಗಿತ್ತು, ಬಣ್ಣ ಸರಿಯಾಗಿತ್ತು, ಎಳೆಗಳ ನಡುವೆ ಚರ್ಮ ಕಾಣುತ್ತಿತ್ತು. ಗೋಡೆಯ ಮೇಲೆ ಬರೆದ ಹಾಗೆ ಅಲ್ಲೇ ಇತ್ತು.

ಸುವರ್ಣಮ್ಮ ನೋಡಿದರು. ಮಗುವನ್ನು ಸೊಂಟಕ್ಕೆ ಎತ್ತಿಕೊಂಡರು. ಒಲೆ ಮೇಲೆ ಏನೋ ಇಟ್ಟು ಬಂದಿದ್ದೇನೆ ಎಂದು ಹೊರಟರು. ತಮಾಷೆ ಮಾಡಲಿಲ್ಲ.

೧೮ ಏಪ್ರಿಲ್, ಮಂಗಳವಾರ

ನಾಳೆ ಲಗ್ನಪತ್ರಿಕೆ. ಬೇಲೂರಿನವರು ಬೆಳಗಿನ ಬಸ್ಸಿಗೆ ಬರುತ್ತಾರೆ. ಅನಂತಸ್ವಾಮಿ ಮಾವ ಹೇಳಿಕಳಿಸಿದ್ದಾರೆ.

ಯದುಗಿರಿಯನ್ನು ಕಿಟಕಿ ಹತ್ತಿರ ಕೂರಿಸಿ ಯಾವ ಕಡೆ ಕೂತರೆ ಕಣ್ಣು ಕಡಿಮೆ ಕಾಣುತ್ತದೆಂದು ನೋಡುತ್ತಿದ್ದೆ. ಆ ಕಡೆ ತಿರುಗು, ಈ ಕಡೆ ತಿರುಗು ಎಂದೆ. ತಿರುಗಿದಳು. ಆಮೇಲೆ ಕೈ ಹಿಡಿದು ನಿಲ್ಲಿಸಿದಳು.

"ನಾಳೆ ಬುಧವಾರ ಅಲ್ವಾ ಅಣ್ಣ?"

ಹೌದು ಎಂದೆ.

"ನಾನು ಷೆಡ್ಡಿಗೆ ಹೋಗ್ತೀನಿ. ಇನ್ನೊಂದು ಕಣ್ಣಿದೆ ನಂಗೆ."

ಎರಡೇ ಮಾತು. ನನ್ನನ್ನು ಬೈದಿದ್ದರೆ ವಾಸಿಯಿತ್ತು.

೧೯ ಏಪ್ರಿಲ್, ಬುಧವಾರ. ಬೆಳಗ್ಗೆ ಏಳು

ಇವತ್ತು ಹುಬ್ಬು ಬರೆಯಲಿಲ್ಲ. ನಾಮ ಹಾಕಿಕೊಂಡೆ, ಕಡ್ಡಿ ತೊಳೆದಿಟ್ಟೆ. ಅಮ್ಮ ಕರಟದ ಮಸಿ ಕಲೆಸಿ ತಂದು ಮುಂದೆ ಹಿಡಿದಳು. "ಇವತ್ತೊಂದು ದಿನ ಬರಿಯಪ್ಪ ಸುಂದು. ನಾಳೆಯಿಂದ ನಾನೇ ಬೇಡ ಅಂತೀನಿ." ಅಮ್ಮನ ಕೈಯಲ್ಲೇ ಬಟ್ಟಲು ಇದೆ ಇನ್ನೂ.

ಯದುಗಿರಿ ಮುಖ ತೊಳೆದು ಬಂದಳು. ಮುಖದಲ್ಲಿ ಏನೂ ಇಲ್ಲ. ದೀಪಾವಳಿಯಾದ ಮೇಲೆ ಆ ಜಾಗವನ್ನು ದೂರ ನಿಂತು, ಬೆಳಕಿನಲ್ಲಿ, ಬರಿದಾಗಿ ನೋಡುತ್ತಿರುವುದು ಇದೇ ಮೊದಲು. ನಾನಂದುಕೊಂಡಿದ್ದಕ್ಕಿಂತ ದೊಡ್ಡದು. ಮಸಿಯ ಕೆಳಗೆ ಹರಡುತ್ತ ಹೋಗಿದೆ. ಹಣೆಯವರೆಗೂ. ದಿನಾ ಅದರ ಮೇಲೆ ಬಗ್ಗಿಕೊಂಡಿದ್ದೆ, ನೋಡಿದ್ದು ಕೂದಲನ್ನು.

ಸೀರೆ ಬದಲಾಯಿಸುತ್ತಿದ್ದಾಳೆ. ನಾನೂ ಜೊತೆಗೆ ಹೋಗುತ್ತೇನೆ. ರಜೆ ಹೇಳಿಕಳಿಸಿದ್ದೇನೆ.

ಷೆಡ್ ಒಂಬತ್ತಕ್ಕೆ ತೆಗೆಯುತ್ತದೆ. ಬೇಲೂರು ಬಸ್ಸೂ ಒಂಬತ್ತಕ್ಕೆ. ಷೆಡ್ಡಿಗೆ ಹೋಗುವ ರಸ್ತೆ ಬಸ್ ಸ್ಟ್ಯಾಂಡ್ ಮುಂದೆಯೇ ಹಾಯುತ್ತದೆ.