ಕುದಿಸದ ಕಲಗಚ್ಚು

ಗೋಪಿ,

ನಿನ್ನನ್ನು ಎಬ್ಬಿಸಿದರೆ ಜಗಳವಾಗುತ್ತದೆ, ಅದಕ್ಕೇ ಬರೆದಿಟ್ಟು ಹೋಗುತ್ತಿದ್ದೇನೆ.

ಕರಿ ಹಂದಿಯ ಮೈ ಸುಡುತ್ತಿದೆ, ಕಿವಿ ನೀಲಿಗಟ್ಟಿದೆ. ತಣಿಸಂದ್ರದ ನಿನ್ನ ಗೆಳೆಯ ಜ್ವರ ಬಂದ ಹಂದಿಯನ್ನು ಸಾಯುವ ಮೊದಲೇ ಕೊಯ್ದು, ಬಾಡನ್ನು ಗುಡ್ಡೆ ಹಾಕಿ ಪಾಲು ಮಾರಿದ. ಹೋದ ಭಾನುವಾರ ನೀನು ಒಂದು ಪಾಲು ತಂದೆ, ಬಾಡು ತೊಳೆದ ನೀರನ್ನು ಕಲಗಚ್ಚಿನ ಬಕೆಟ್ಟಿಗೆ ಸುರಿದೆ. ಕುದಿಸಿ ಹಾಕೋ ಎಂದರೆ, "ಕಾಯ್ಸಿ ಕೊಡಕ್ಕೆ ಅದೇನ್ ಬಾಣಂತೀನಾ ಅಕ್ಕಾ?" ಅಂದೆಯಲ್ಲ! ಈ ರೋಗ ಹಂದಿಗಳಿಗಷ್ಟೇ, ಮನುಷ್ಯರಿಗೆ ಬರುವುದಿಲ್ಲ; ನಾವು ಬೇಯಿಸಿ ತಿಂದು ಬಾಯಿ ಒರೆಸಿಕೊಂಡೆವು. ಹಸಿ ರಕ್ತದ ನೀರು ಕುಡಿದದ್ದು ನಮ್ಮ ಹಂದಿಗಳು. ಇದಕ್ಕೆ ಮದ್ದಿಲ್ಲ ಕಣೋ.

ಹೆಬ್ಬಾಳಕ್ಕೆ ಹೋಗಿ ಪಶುವೈದ್ಯರನ್ನು ಕರೆತರುತ್ತೇನೆ. ಫ್ರಿಜ್ಜಿನಲ್ಲಿ ಉಳಿದ ಬಾಡು ಮುಟ್ಟಬೇಡ, ತಣ್ಣಗಿಟ್ಟರೆ ವೈರಸ್ ಸಾಯುವುದಿಲ್ಲ. ದೊಡ್ಡಿ ತುಳಿದ ಚಪ್ಪಲಿಯಲ್ಲಿ ಪಕ್ಕದ ಮನೆ ರತ್ನಕ್ಕನ ಹಂದಿಗಳ ಹತ್ತಿರ ಸುಳಿಯಲೂ ಬೇಡ. ಅವರ ಮನೆ ನಡೆಯುತ್ತಿರುವುದೇ ಅವುಗಳಿಂದ.

ಸಾಯುವ ಮೊದಲೇ ಕೊಯ್ದು ಗುಡ್ಡೆ ಹಾಕುವ ಯೋಚನೆ ನಿನಗೂ ಬರುತ್ತದೆ, ನನಗೆ ಗೊತ್ತು. ಮಚ್ಚು, ಚಾಕು ಎರಡನ್ನೂ ಸ್ಕೂಟರಿನ ಡಿಕ್ಕಿಯಲ್ಲಿ ಹಾಕಿಕೊಂಡು ಹೋಗುತ್ತಿದ್ದೇನೆ.

ಕರಿ ಹಂದಿಗೆ ನೀರಿಡು. ಕುಡಿಯದಿದ್ದರೂ ಪಕ್ಕದಲ್ಲಿ ಕೂತಿರು.

ಅಕ್ಕ