ಕೊಪ್ಪರಿಗೆಯ ಸ್ಥಾನ

ಶ್ರೀ ನಂಜುಂಡೇಶ್ವರನ ಪಾದಸ್ಮರಣೆಯೊಂದಿಗೆ,
ವಿಕ್ರಮ ಸಂವತ್ಸರ, ಕಾರ್ತಿಕ ಶುದ್ಧ ದಶಮಿ, ಹೆಮ್ಮಿಗೆ.

ದಾಸೋಹ ಸಮಿತಿಯ ಅಧ್ಯಕ್ಷರಾದ ಬಸವೇಶ್ ಅವರಿಗೆ ಶರಣಾರ್ಥಿಗಳು.

ನಂಜನಗೂಡಿನಲ್ಲಿ ಮೊದಲು ಇಳಿಯಬೇಕಾದ ಕೊಪ್ಪರಿಗೆಯನ್ನು ಸಂಪ್ರದಾಯದಂತೆ ಕಡೆಗೆ, ಟ್ರೇಲರಿನ ಹಿಂಬಾಗಿಲಲ್ಲೇ ಏರಿಸಬೇಕೆಂದು ಅಪ್ಪಣೆ ಮಾಡಿದ್ದೀರಿ. ಅದನ್ನು ನಾನು ಪಾಲಿಸುವುದಿಲ್ಲ. ನಿನ್ನೆ ಹಾಗೆಯೇ ಹೇರಿ ಊರಾಚೆಯ ಇಳಿಜಾರಿನಲ್ಲಿ ಓಡಿಸಿ ನೋಡಿದೆವು. ಟ್ರೇಲರು ಟ್ರಾಕ್ಟರನ್ನೇ ಅತ್ತಿತ್ತ ಎಳೆದಾಡಿತು. ಚಾಲಕ ಮಾದು, "ಹಿಂದ್ಗಡೆ ಭಾರ ಬಿದ್ರೆ ಬಾಲ ಬಡೀತದೆ, ಸ್ಟೇರಿಂಗು ಮಾತೇ ಕೇಳಕಿಲ್ಲ ಸಾ" ಎಂದನು.

ಆದುದರಿಂದ ಕೊಪ್ಪರಿಗೆಯನ್ನು ಟ್ರೇಲರಿನ ಚಕ್ರದ ಅಚ್ಚಿಗಿಂತ ಮುಂದಕ್ಕೆ ಬಿಗಿಸಿದ್ದೇನೆ. ಮಿತಿ ಮೀರಿದ ಹನ್ನೆರಡು ಮೂಟೆ ಅಕ್ಕಿಯನ್ನು ಇಳಿಸಿದ್ದೇನೆ. ದಯವಿಟ್ಟು ಅದಕ್ಕೆ ಬೇರೆ ಗಾಡಿ ಕಳುಹಿಸಿರಿ. ಅನ್ನ ತಡವಾದರೆ ಭಕ್ತರು ಕಾಯುತ್ತಾರೆ.

ಉಗ್ರಾಣದಿಂದ ನನ್ನನ್ನು ತೆಗೆಯುವುದಾದರೆ ತೆಗೆಯಿರಿ. ಯಾರೂ ಹೇರನ್ನು ಬದಲಿಸದಂತೆ ಟ್ರೇಲರಿನ ಹಿಂಬಾಗಿಲಿಗೆ ಹಾಕಿದ ಬೀಗದ ಕೈ ನನ್ನ ಉಡಿಯಲ್ಲಿದೆ. ನಾನೂ ಜೊತೆಗೇ ಬಂದು, ಮಾದು ಕ್ಷೇಮವಾಗಿ ನಂಜನಗೂಡು ತಲುಪಿದ ಮೇಲೆ ಒಪ್ಪಿಸುತ್ತೇನೆ.

ಇತಿ,
ಉಗ್ರಾಣದ ಶಂಭುಲಿಂಗಪ್ಪ

ಎಳೆಯುವವನಿಗೂ, ಹೇರಿದವರಿಗೂ, ಅಪ್ಪಣೆಯಿತ್ತ ತಮಗೂ ನಂಜುಂಡನು ಮಂಗಳವನ್ನು ಕರುಣಿಸಲಿ.